ಅಲೆಯುವವರ ಬಿಡಾರಕ್ಕೆ ಆಕಾಶದ ನಂಟು

(ಕೊಪ್ಪಳದಲ್ಲಿ ಪದವಿ ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಬರಹರೂಪ)



ವಾಹನದೊಳಗೇ ಮನೆ ಮಾಡಿಕೊಂಡು ಊರೂರು ಸುತ್ತುವುದು, ಸಂಜೆಯಾದರೆ ಕೆರೆಯ ದಂಡೆಯಲ್ಲೋ ಬೆಟ್ಟದ ಬುಡದಲ್ಲೋ ಬಿಡಾರ ಹೂಡುವುದು, ಅಲ್ಲಿಂದಲೇ ಉಪಗ್ರಹದ ಮೂಲಕ ಇಂಟರ್‌ನೆಟ್ ಪಡೆದು ಕಚೇರಿ ಕೆಲಸ ಮುಗಿಸುವುದು ಯೂರೋಪು, ಅಮೆರಿಕಗಳಲ್ಲಿ ಈಗ ಹೊಸತೇನಲ್ಲ. 2022ರ ಮೇ ತಿಂಗಳಲ್ಲಿ ಸ್ಟಾರ್‌ಲಿಂಕ್ ಕಂಪನಿ ಇಂಥ ಸಂಚಾರಿಗಳಿಗೆಂದೇ ಪ್ರತ್ಯೇಕ ಸೇವೆ ಆರಂಭಿಸಿತು. ಅದೇ ವರ್ಷ ಜೂನ್ ಕೊನೆಯಲ್ಲಿ, ಓಡುತ್ತಿರುವ ವಾಹನದಲ್ಲೂ ಈ ಉಪಕರಣ ಬಳಸಲು ಅಮೆರಿಕ ಸರ್ಕಾರ ಅನುಮತಿ ಕೊಟ್ಟಿತು. ಇದು ಹಣವಂತರ ವಿಹಾರದ ಮಾತು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೂ ಇದಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಇದೆ. ಅದು ಐವತ್ತು ವರ್ಷಗಳಷ್ಟು ಹಳೆಯದು.

ಬಿಡಾರವೆಂಬುದು ನಮ್ಮ ಸೀಮೆಗೆ ಹೊಸ ವಿಷಯವಲ್ಲ. ಗಂಗಾವತಿಯ ಸುತ್ತ ‘ಕ್ಯಾಂಪು’ ಎಂದರೆ ಡೇರೆಯಲ್ಲ, ಊರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದ ರೈತರು ಹೂಡಿದ ಬಿಡಾರಗಳು ಊರುಗಳಾಗಿ ಬೆಳೆದರೂ ಹೆಸರಿನ ಕೊನೆಯ ‘ಕ್ಯಾಂಪ್’ ಹೋಗಲಿಲ್ಲ. ಭತ್ತದ ಸುಗ್ಗಿಯಲ್ಲಿ ಕಟಾವು ಯಂತ್ರಗಳೊಂದಿಗೆ ಹೊರ ರಾಜ್ಯಗಳಿಂದ ಬರುವ ಚಾಲಕರು ವಾರಗಟ್ಟಲೆ ಯಂತ್ರದ ಪಕ್ಕದಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ಕುರಿಗಾಹಿಗಳಿಗಂತೂ ವರ್ಷದ ಬಹುಭಾಗ ಬಿಡಾರವೇ ಮನೆ.

ಇನ್ನೂ ಹಿಂದಕ್ಕೆ ಹೋಗೋಣ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕನ ಲಘು ಶಿಲಾಶಾಸನಗಳಿವೆ. ಇದೇ ಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅದರಲ್ಲಿ 256 ಎಂಬ ಅಂಕಿ ಬರುತ್ತದೆ. ಅದು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಅದು ಬಿಡಾರದಿಂದ ಹೊರಟ ಸಂದೇಶ. ಕಳುಹಿಸಿದವನು ಅಲೆಯುತ್ತಿದ್ದ, ಸಂದೇಶ ಮಾತ್ರ ಕಲ್ಲಿನಲ್ಲಿ ನೆಲೆಯೂರಿತು. ಅಲೆಯುವವನಿಗೂ ನೆಲೆ ನಿಂತವನಿಗೂ ನಡುವೆ ಸುದ್ದಿ ಹೇಗೆ ಮುಟ್ಟಬೇಕು ಎಂಬುದು ಅಷ್ಟು ಹಳೆಯ ಪ್ರಶ್ನೆ.

ಈಗ 1975ಕ್ಕೆ ಬರೋಣ. ಆಗ ಈ ನಾಲ್ಕೂ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ ಒಂದು ದೊಡ್ಡ ಪ್ರಯೋಗ ನಡೆಸಿತು. ಅದರ ಹೆಸರು ‘ಸೈಟ್’, ಅಂದರೆ ಉಪಗ್ರಹದ ಮೂಲಕ ದೂರದರ್ಶನ ಶಿಕ್ಷಣ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ತಲುಪಿಸಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಬೆಂಗಳೂರಿನ ಮನೆಗಳಲ್ಲಿ ಇನ್ನೂ ಟಿವಿ ಇರದಿದ್ದ ಕಾಲದಲ್ಲಿ ಹೈದರಾಬಾದ್ ಕರ್ನಾಟಕದ ಹಳ್ಳಿಗರು ಉಪಗ್ರಹದಿಂದ ಬಂದ ಚಿತ್ರ ನೋಡಿದರು.

ಆ ಹಳ್ಳಿಗಳ ಡಿಶ್ ಹೇಗಿತ್ತು ಗೊತ್ತೆ? ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಬುಟ್ಟಿ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ದಿನಕ್ಕೆ ಒಟ್ಟು ನಾಲ್ಕು ತಾಸು ಪ್ರಸಾರ. ಚಿತ್ರ ಒಂದೇ ಆದರೂ ದನಿಗೆ ಎರಡು ಮಾರ್ಗಗಳಿದ್ದುದರಿಂದ ಕನ್ನಡ, ತೆಲುಗು ಎರಡೂ ಭಾಷೆಗಳಲ್ಲಿ ಕೇಳಲು ಸಾಧ್ಯವಿತ್ತು. ಸೆಟ್ಟು ಯಾರ ಮನೆಯ ಸ್ವತ್ತೂ ಅಲ್ಲ. ಅದು ಊರಿನದು, ಸಾರ್ವಜನಿಕ ಜಾಗದಲ್ಲಿ ಇದ್ದದ್ದು. ಈ ಎರಡು ಅಂಶಗಳನ್ನು ನೆನಪಿನಲ್ಲಿಡಬೇಕು: ಡಿಶ್ ನೆಲಕ್ಕೆ ಕಚ್ಚಿಕೊಂಡಿತ್ತು, ಮತ್ತು ಅದು ಎಲ್ಲರದಾಗಿತ್ತು.

ಡಿಶ್ಶಿಗೆ ಗಾಲಿ ಬಂದದ್ದು ನಿಧಾನವಾಗಿ. 1977ರಿಂದ 1979ರವರೆಗೆ ನಡೆದ ‘ಸ್ಟೆಪ್’ ಎಂಬ ಪ್ರಯೋಗದಲ್ಲಿ, ಬೇಕಾದಲ್ಲಿಗೆ ಸಾಗಿಸಬಹುದಾದ ಭೂಕೇಂದ್ರಗಳನ್ನು ನಮ್ಮ ವಿಜ್ಞಾನಿಗಳು ಪರೀಕ್ಷಿಸಿದರು. 1981ರಲ್ಲಿ ಹಾರಿದ ‘ಆ್ಯಪಲ್’ ಉಪಗ್ರಹವನ್ನು ಬೆಂಗಳೂರಿನಲ್ಲಿ ಎತ್ತಿನ ಬಂಡಿಯ ಮೇಲೆ ಇಟ್ಟ ಚಿತ್ರ ತಾವು ನೋಡಿರಬಹುದು. ಅನೇಕರು ಅದನ್ನು ಬಡತನದ ಗುರುತೆಂದು ತಿಳಿದರು. ಕಾರಣ ಬೇರೆಯೇ ಇತ್ತು: ಆಂಟೆನಾ ಪರೀಕ್ಷೆಗೆ ಲೋಹವಿಲ್ಲದ ವಾಹನ ಬೇಕಿತ್ತು, ಮರದ ಬಂಡಿ ಆ ಕೆಲಸಕ್ಕೆ ಒದಗಿತು. ಮುಂದೆ ಸುದ್ದಿ ವಾಹಿನಿಗಳು ಬಂದಾಗ, ನೆತ್ತಿಯ ಮೇಲೆ ಡಿಶ್ ಹೊತ್ತ ಒಬಿ ವ್ಯಾನುಗಳು ಜಾತ್ರೆಗೂ ಚುನಾವಣೆಗೂ ಬರತೊಡಗಿದವು. ಆದರೆ ಅವೂ ಒಂದು ಕಡೆ ನಿಂತು, ಡಿಶ್ ಎತ್ತಿ, ಗುರಿ ಹಿಡಿದ ಮೇಲೆಯೇ ಮಾತಾಡುತ್ತಿದ್ದವು.

ಅದಕ್ಕೆ ಕಾರಣ ಉಪಗ್ರಹ ಇರುವ ಎತ್ತರ. ಹಳೆಯ ಬಗೆಯ ಸಂಪರ್ಕ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜತೆಗೇ ತಿರುಗುತ್ತ ಒಂದೇ ಕಡೆ ನಿಂತಂತೆ ಕಾಣುತ್ತವೆ. ಅಷ್ಟು ದೂರಕ್ಕೆ ಡಿಶ್ ಕರಾರುವಾಕ್ಕಾಗಿ ಗುರಿ ಇಡಬೇಕು. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ. ಟಿವಿ ನೋಡಲು ಇದು ಅಡ್ಡಿಯಲ್ಲ; ಮಾತುಕತೆಗೆ, ಇಂಟರ್‌ನೆಟ್ಟಿಗೆ ತೊಡಕು. ಸ್ಟಾರ್‌ಲಿಂಕಿನ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಷ್ಟೇ ಇವೆ. ಒನ್‌ವೆಬ್ ಉಪಗ್ರಹಗಳ ಎತ್ತರ ಸುಮಾರು 1,200 ಕಿಲೋಮೀಟರ್. ಇವುಗಳ ಪೈಕಿ 72ನ್ನು 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ನಮ್ಮ ಇಸ್ರೋ ರಾಕೆಟ್ಟುಗಳೇ ಶ್ರೀಹರಿಕೋಟಾದಿಂದ ಹಾರಿಸಿದವು. ದೂರ ಕಡಿಮೆಯಾದ್ದರಿಂದ ವಿಳಂಬವೂ ಕಡಿಮೆ. ಆದರೆ ಕೆಳಗಿರುವ ಉಪಗ್ರಹ ನಿಲ್ಲುವುದಿಲ್ಲ. ಸುಮಾರು ಒಂದೂವರೆ ತಾಸಿಗೆ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ. ಕೆಲವೇ ನಿಮಿಷ ಕಂಡು ಮರೆಯಾಗುತ್ತದೆ. ಆದ್ದರಿಂದ ನೂರಾರು, ಕೆಲವೊಮ್ಮೆ ಸಾವಿರಾರು ಉಪಗ್ರಹಗಳು ಬೇಕು. ಒಂದು ಮುಳುಗುವ ಮೊದಲು ಡಿಶ್ ಇನ್ನೊಂದನ್ನು ಹಿಡಿಯಬೇಕು.

ಹೊಸ ಡಿಶ್ಶಿನ ಜಾಣ್ಮೆ ಇರುವುದು ಇಲ್ಲಿಯೇ. ಅದು ಬುಟ್ಟಿಯಂತಿಲ್ಲ, ಹಲಗೆಯಂತಿದೆ. ಅದರೊಳಗೆ ಅನೇಕ ಪುಟ್ಟ ಆಂಟೆನಾಗಳಿವೆ. ಹಲಗೆ ಕದಲದೆಯೇ ಅವುಗಳ ಅಲೆಗಳ ಹೊಂದಾಣಿಕೆಯಿಂದ ನೋಟ ಬದಲಾಗುತ್ತದೆ. ಓಡುವ ಉಪಗ್ರಹವನ್ನು ಹಿಂಬಾಲಿಸಬಲ್ಲ ಹಲಗೆ, ತಾನೇ ಓಡುವ ವಾಹನದ ಮೇಲಿದ್ದರೂ ಅದನ್ನು ಬಿಡುವುದಿಲ್ಲ. ಸೈಟ್ ಕಾಲದ ಡಿಶ್ಶಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಹಾಗೆಂದು ಎಲ್ಲವೂ ಸಲೀಸಲ್ಲ. ತಲೆಯ ಮೇಲೆ ಬಯಲು ಆಕಾಶ ಬೇಕು. ಯಲಬುರ್ಗಾ, ಕುಷ್ಟಗಿಗಳ ಎರೆ, ಮಸಾರಿ ಬಯಲಿನಲ್ಲಿ ಇದಕ್ಕೆ ಕೊರತೆಯಿಲ್ಲ. ಆನೆಗೊಂದಿಯ ಬಂಡೆಗಳ ನಡುವೆಯೋ ಹುಣಸೆ ಮರದ ಕೆಳಗೋ ವಾಹನ ನಿಲ್ಲಿಸಿದರೆ ಸಂಪರ್ಕ ಕಡಿಯುತ್ತಿರುತ್ತದೆ. ನೆರಳೂ ಬೇಕು, ಸಂಪರ್ಕವೂ ಬೇಕು ಎಂದರೆ ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ, ಡಿಶ್ಶನ್ನು ತಂತಿಯ ಅಳತೆಯಲ್ಲಿ ಬಿಸಿಲಿಗೆ ಇಡಬೇಕು. ಜೋರು ಮಳೆಯಲ್ಲಿ ಸಂಪರ್ಕ ಸೊರಗುತ್ತದೆ. ಇನ್ನು ವಿದ್ಯುತ್ತಿನ ಲೆಕ್ಕ. ಚಿಕ್ಕ ಡಿಶ್ಶಿಗೆ 25ರಿಂದ 40 ವ್ಯಾಟ್, ದೊಡ್ಡದಕ್ಕೆ 75ರಿಂದ 100 ವ್ಯಾಟ್ ಬೇಕು. 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮಾತ್ರ ಬಳಸುವುದು ಕ್ಷೇಮ. ಆ ಲೆಕ್ಕದಲ್ಲಿ ಚಿಕ್ಕ ಡಿಶ್ 15 ತಾಸು, ದೊಡ್ಡದು 6 ತಾಸು ನಡೆದೀತು. ಚಾವಣಿಯ ಮೇಲೊಂದು ಸೌರಫಲಕ ಇದ್ದರೆ ನಮ್ಮ ಬಿಸಿಲೇ ಉಳಿದದ್ದನ್ನು ತುಂಬಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ತಡೆ ಕಾನೂನಿನದು. ಹೊರದೇಶದಲ್ಲಿ ಕೊಂಡ ಡಿಶ್ಶನ್ನು ವಾಹನದಲ್ಲಿಟ್ಟುಕೊಂಡು ಬಂದು ಆನೆಗೊಂದಿಯಲ್ಲಿ ಚಾಲೂ ಮಾಡುವಂತಿಲ್ಲ. 1885ರ ಟೆಲಿಗ್ರಾಫ್ ಕಾಯಿದೆ, 1933ರ ವೈರ್‌ಲೆಸ್ ಕಾಯಿದೆಗಳ ಕಾಲದಿಂದಲೂ ಇಂಥ ಉಪಕರಣಗಳಿಗೆ ಪರವಾನಗಿ ಬೇಕು. 2008ರ ಮುಂಬಯಿ ದಾಳಿಕೋರರು ಉಪಗ್ರಹ ಫೋನ್ ಬಳಸಿದ್ದರಿಂದ ಸರ್ಕಾರದ ಎಚ್ಚರ ಇನ್ನೂ ಹೆಚ್ಚಿತು. ಕಾಡುಮೇಡಿನಲ್ಲಿ ಅಪಾಯವಾದರೆ ಇರಲೆಂದು ಉಪಗ್ರಹ ಸಂದೇಶದ ಪುಟ್ಟ ಉಪಕರಣ ತಂದ ವಿದೇಶಿ ಪ್ರವಾಸಿಯೊಬ್ಬರನ್ನು 2024ರಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ತಡೆದದ್ದುಂಟು. ಸ್ಟಾರ್‌ಲಿಂಕಿಗೆ ಭಾರತದಲ್ಲಿ ದೂರಸಂಪರ್ಕ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಅದಕ್ಕೆ ಒಂದು ತಿಂಗಳ ಮುಂಚೆ ಸರ್ಕಾರ ವಿಧಿಸಿದ ಭದ್ರತಾ ನಿಯಮಗಳ ಪ್ರಕಾರ, ಬಳಕೆದಾರರ ಉಪಕರಣ ಎಲ್ಲಿದೆ ಎಂಬ ವಿವರವನ್ನು ಕೇಳಿದಾಗ ಕಂಪನಿ ಕೊಡಬೇಕು. ಅಲೆಯುವ ಡಿಶ್ಶಿನ ವಿಷಯದಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ವಿಮಾನ, ಹಡಗುಗಳಲ್ಲಿ ಇಂಟರ್‌ನೆಟ್ ಒದಗಿಸಲು 2018ರಲ್ಲೇ ಪ್ರತ್ಯೇಕ ನಿಯಮ ಬಂದಿತ್ತು. ಅಂದರೆ ಆಕಾಶದಲ್ಲಿ, ಕಡಲಿನಲ್ಲಿ ಚಲಿಸುವವರ ಬಗ್ಗೆ ಮೊದಲು ಯೋಚನೆಯಾಯಿತು.

ನೆಲದ ಮೇಲೆ ಚಲಿಸುವವರಿಗೆ ಇದು ಬೇಕೆ? ಊರಿನ ಸುತ್ತ ಮೊಬೈಲ್ ಗೋಪುರಗಳಿರುವಾಗ ದಿನನಿತ್ಯಕ್ಕೆ ಬೇಕಿಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ. ಬೇಕಾಗುವುದು ಗೋಪುರ ಕಾಣದ ಕಡೆ, ಅಥವಾ ಗೋಪುರ ಸುಮ್ಮನಾದಾಗ. 2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದಿಂದ ಭಾರಿ ನೀರು ಬಿಟ್ಟಾಗ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆ ನಡುಗಡ್ಡೆಯಾಯಿತು. ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಅವರನ್ನು ಹೊರತರಲಾಯಿತು. ರಕ್ಷಣೆಗೆ ಹೋದವರ ದೋಣಿಯೇ ಮಗುಚಿತು, ಅವರನ್ನೂ ಉಳಿಸಬೇಕಾಯಿತು. ಅಂಥ ಹೊತ್ತಿನಲ್ಲಿ ನೆಲದ ತಂತಿಯನ್ನೂ ಗೋಪುರವನ್ನೂ ನಂಬದೆ ಮಾತಾಡಬಲ್ಲ ಒಂದು ವಾಹನ ತಾಲ್ಲೂಕು ಕೇಂದ್ರದಲ್ಲಿದ್ದರೆ ಅದರ ಬೆಲೆಯನ್ನು ರೂಪಾಯಿಯಲ್ಲಿ ಹೇಳಲಾಗದು.

ಇನ್ನು ಕುರಿಗಾಹಿಗಳು. ಕೆಂಗುರಿ ತಳಿಯ ನೆಲೆ ಗಂಗಾವತಿ, ಲಿಂಗಸುಗೂರು, ಸಿಂಧನೂರು ಸೀಮೆ. ಕುಷ್ಟಗಿ, ಯಲಬುರ್ಗಾದ ಬಯಲಿನಲ್ಲೂ ಹಿಂಡುಗಳು ತಿರುಗುತ್ತವೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟು, ರೈತರಿಂದ ಕಾಳು ಅಥವಾ ಹಣ ಪಡೆದು, ಹಿಂಡು ಮುಂದಕ್ಕೆ ಸಾಗುತ್ತದೆ. ಹಿಂದೆ ಕತ್ತೆ, ಕುದುರೆಗಳ ಮೇಲೆ ಹೋಗುತ್ತಿದ್ದ ಸಾಮಾನು, ಎಳೆಮರಿಗಳು ಈಗ ಅನೇಕ ಕಡೆ ಸಣ್ಣ ಸರಕು ವಾಹನ ಏರಿವೆ. ವಾಹನದೊಂದಿಗೆ ಬಿಡಾರ ಎಂಬ ಮಾತು ಇವರಿಗೆ ಅಕ್ಷರಶಃ ಒಪ್ಪುತ್ತದೆ. ಇವರ ಆಪತ್ತುಗಳೂ ಬಯಲಿನವೇ: ಸಿಡಿಲು, ಹಠಾತ್ ಮಳೆ, ಹಿಂಡಿಗೆ ತಗಲುವ ರೋಗ, ರಾತ್ರಿ ಕಳ್ಳರು. ಸಿಡಿಲಿನ ಮುನ್ಸೂಚನೆ ಕೊಡಲು ಕೇಂದ್ರದ ‘ದಾಮಿನಿ’, ರಾಜ್ಯದ ‘ಸಿಡಿಲು’ ಎಂಬ ಆ್ಯಪ್‌ಗಳಿವೆ. ಸಿಗ್ನಲ್ ಇಲ್ಲದ ಅಡವಿಯಲ್ಲಿ ಅವು ಮೂಕ.

ಇದಕ್ಕೊಂದು ಮಾದರಿ ನಮ್ಮ ದೇಶದಲ್ಲೇ ಇದೆ. ಕರ್ನಾಟಕವೂ ಸೇರಿ ಕರಾವಳಿ ರಾಜ್ಯಗಳ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಪಗ್ರಹ ಸಂದೇಶದ ಉಪಕರಣವನ್ನು ಉಚಿತವಾಗಿ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ಸಿಕ್ಕಿತು. ಅದು ಇಂಟರ್‌ನೆಟ್ ಅಲ್ಲ. ಚುಟುಕು ಸಂದೇಶ ಮಾತ್ರ. ಆದರೆ ಬಿರುಗಾಳಿಯ ಎಚ್ಚರಿಕೆ ದೋಣಿಗೆ ಬರುತ್ತದೆ, ಅಪಾಯದ ಕರೆ ದಡಕ್ಕೆ ಹೋಗುತ್ತದೆ. ಉಪಕರಣ ರೂಪಿಸಿದ್ದು ಇಸ್ರೋ. ದಡ ಕಾಣದ ಕಡಲಿನಲ್ಲಿರುವ ಬೆಸ್ತರಿಗೆ ಇದು ಹಕ್ಕಾಗಿ ಸಿಗುವುದಾದರೆ, ಊರು ಕಾಣದ ಬಯಲಿನಲ್ಲಿರುವ ಕುರಿಗಾಹಿಗೆ ಯಾಕಿಲ್ಲ?

ಉಪಗ್ರಹ ಸೇವೆಯ ದರ, ನಿಯಮಗಳು ರೂಪುಗೊಳ್ಳುವ ಕಾಲವಿದು. ವಾಹನದಲ್ಲಿ ಸುತ್ತುವ ಪ್ರವಾಸಿಗೆ ಡಿಶ್ ಬೇಡ ಎಂದು ನಾನು ಹೇಳುವುದಿಲ್ಲ. ಅವರಿಂದ ಆನೆಗೊಂದಿಗೆ, ಸಾಣಾಪುರಕ್ಕೆ ನಾಲ್ಕು ಕಾಸು ಬರುತ್ತದೆ. ಆದರೆ ಬಿಡಾರದ ಬದುಕು ಅವರಿಗೆ ಹದಿನೈದು ದಿನದ ಸಂತೋಷ. ಕುರಿಗಾಹಿಗೆ ಅದೇ ಜೀವನ. 1975ರಲ್ಲಿ ಊರಿಗೊಂದು ಸೆಟ್ಟು ಇಟ್ಟವರು ‘ಕೊಳ್ಳಬಲ್ಲವರು ಯಾರು’ ಎಂದು ಕೇಳಲಿಲ್ಲ, ‘ಅಗತ್ಯ ಯಾರಿಗೆ’ ಎಂದು ಕೇಳಿ ನಮ್ಮ ಹಿಂದುಳಿದ ಜಿಲ್ಲೆಗಳಿಗೆ ಬಂದರು. ಹಿಂಡಿಗೊಂದು ಸಂದೇಶದ ಉಪಕರಣ, ನಾಲ್ಕಾರು ಕುಟುಂಬ ಕೂಡಿ ಬೀಡುಬಿಡುವ ಕಡೆ ಒಂದು ಡಿಶ್: ಇಷ್ಟನ್ನು ಪಶುಸಂಗೋಪನಾ ಇಲಾಖೆಯೋ ಕುರಿಗಾಹಿಗಳ ಸಹಕಾರ ಸಂಘವೋ ಪ್ರಯೋಗಕ್ಕೆಂದು ಮಾಡಿ ನೋಡಬಹುದು. ಡಿಶ್ಶಿಗೆ ಈಗ ಗಾಲಿ ಬಂದಿದೆ. ಅದು ಎಲ್ಲರದು ಎಂಬ ಹಳೆಯ ಗುಣವನ್ನು ಉಳಿಸಿಕೊಳ್ಳುವುದು ತಂತ್ರಜ್ಞರ ಕೈಯಲ್ಲಿಲ್ಲ, ಅದನ್ನು ಕೇಳಿ ಪಡೆಯಬೇಕಾದವರು ನಾವು.