ಗ್ರಾಫಿಕ್ಸ್ ಕಾರ್ಡ್: ದುಡ್ಡು ಬ್ರ್ಯಾಂಡ್‌ಗೋ, ಪರ್ಫಾರ್ಮೆನ್ಸ್‌ಗೋ?

ಈ ವಾರ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ದಾರೆ. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿದೆ, ಸಂಬಳದಲ್ಲಿ ಉಳಿಸಿ 34 ಸಾವಿರ ಕೂಡಿಟ್ಟಿದ್ದಾರೆ. "ಗ್ರಾಫಿಕ್ಸ್ ಕಾರ್ಡ್‌ಗೆ ಯಾವ ಬ್ರ್ಯಾಂಡ್ ಬೆಸ್ಟ್ ಹೇಳಿ ಅಣ್ಣ, ಕಣ್ಣು ಮುಚ್ಕೊಂಡು ತಗೋತೀನಿ" ಅಂತ ಕೇಳಿದ್ದಾರೆ.

ಕಣ್ಣು ಮಾತ್ರ ಮುಚ್ಚಬೇಡಿ. ಒಂದು ವರ್ಷದ ಉಳಿತಾಯ ಅದು.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಕಾರ್ಡ್ ಮೇಲೆ ಎರಡು ಬ್ರ್ಯಾಂಡ್ ಇರುತ್ತೆ. ಒಂದು ಚಿಪ್ ಮಾಡೋ ಕಂಪನಿಯದು: ಎನ್‌ವಿಡಿಯಾ, ಎಎಂಡಿ, ಇಂಟೆಲ್. ಇನ್ನೊಂದು, ಆ ಚಿಪ್ ತಗೊಂಡು ಫ್ಯಾನು, ಹೀಟ್‌ಸಿಂಕು, ಡಬ್ಬ ಎಲ್ಲ ಸೇರಿಸಿ ಮಾರೋ ಕಂಪನಿಯದು: ಏಸಸ್, ಎಂಎಸ್‌ಐ, ಗಿಗಾಬೈಟ್, ಝೋಟ್ಯಾಕ್, ಸಫೈರ್ ಹೀಗೆ. ಗೇಮ್ ಎಷ್ಟು ಸ್ಮೂತ್ ಆಗಿ ಓಡುತ್ತೆ ಅನ್ನೋದನ್ನ ಬಹುಪಾಲು ನಿರ್ಧರಿಸೋದು ಚಿಪ್ ಮತ್ತು ಮೆಮೊರಿ. ಅದೇ ಚಿಪ್ ಇರೋ ಎರಡು ಕಂಪನಿಯ ಕಾರ್ಡ್‌ಗಳ ನಡುವೆ ವೇಗದ ವ್ಯತ್ಯಾಸ ಸಾಮಾನ್ಯವಾಗಿ ತುಂಬಾ ಕಮ್ಮಿ. ಬೆಲೆಯ ವ್ಯತ್ಯಾಸ ಮಾತ್ರ ಕೆಲವೊಮ್ಮೆ ಸಾವಿರಗಳಲ್ಲಿ ಇರುತ್ತೆ.

ನಾನು ಬಿಕಾಂ ಓದಿದವನು, ಲೆಕ್ಕ ಹಾಕದೇ ಇರೋಕಾಗಲ್ಲ. ಇವು ಸುಮ್ಮನೆ ಉದಾಹರಣೆಗೆ ತಗೊಂಡ ಅಂಕಿಗಳು. ಒಂದು ಸಾದಾ ಕಾರ್ಡ್ 28,000 ರೂಪಾಯಿ, ನಿಮ್ಮ ಗೇಮ್‌ನಲ್ಲಿ ಸೆಕೆಂಡಿಗೆ 70 ಫ್ರೇಮ್. ಅಂದ್ರೆ ಒಂದು ಫ್ರೇಮಿಗೆ 400 ರೂಪಾಯಿ. ಅದೇ ಚಿಪ್, ಆದರೆ ದೊಡ್ಡ ಹೆಸರು, ಮೂರು ಫ್ಯಾನು, ಬಣ್ಣಬಣ್ಣದ ಲೈಟು: 34,000ಕ್ಕೆ 72 ಫ್ರೇಮ್. ಫ್ರೇಮಿಗೆ 472 ಆಯ್ತು. ಅದೇ 34,000ಕ್ಕೆ ಮೇಲಿನ ದರ್ಜೆಯ ಚಿಪ್ ಇರೋ ಸಾದಾ ಕಾರ್ಡ್ ಸಿಕ್ಕಿ 85 ಫ್ರೇಮ್ ಕೊಟ್ಟರೆ ಮತ್ತೆ 400. ಎರಡನೆಯದಕ್ಕೆ ನೀವು 6,000 ಜಾಸ್ತಿ ಕೊಟ್ಟು ಪಡೆದದ್ದು ಎರಡೇ ಎರಡು ಫ್ರೇಮ್. ಮೂರನೆಯದಕ್ಕೆ ಅದೇ 6,000 ಕೊಟ್ಟು ಪಡೆದದ್ದು ಹದಿನೈದು.

ದರ್ಜೆ ಗೊತ್ತಾಗೋದು ಹೇಗೆ? ಆರ್‌ಟಿಎಕ್ಸ್ 5060 ಅಂದ್ರೆ 50 ಅನ್ನೋದು ತಲೆಮಾರು, 60 ಅನ್ನೋದು ದರ್ಜೆ. ಅದರ ಮೇಲೆ 70, 80, 90. ಎಎಂಡಿಯ ಹೊಸ ಆರ್‌ಎಕ್ಸ್ 9060, 9070ರಲ್ಲೂ ಕೊನೆಯ ಎರಡು ಅಂಕಿ ದರ್ಜೆಯನ್ನೇ ಹೇಳುತ್ತೆ.

ಆದರೆ ಬೆಳ್ಳಗಿರೋದೆಲ್ಲ ಹಾಲಲ್ಲ. ಈ ನಂಬರ್ ಕೂಡ ಕಂಪನಿಯೇ ಇಟ್ಟ ಹೆಸರು. 2022ರ ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾ ಎರಡು ಆರ್‌ಟಿಎಕ್ಸ್ 4080 ಘೋಷಿಸಿತು, 16 ಜಿಬಿ ಒಂದು, 12 ಜಿಬಿ ಒಂದು. ಮೆಮೊರಿ ಮಾತ್ರ ಅಲ್ಲ, ಒಳಗಿನ ಚಿಪ್ಪೇ ಬೇರೆ. ಜನ ತರಾಟೆಗೆ ತಗೊಂಡ ಮೇಲೆ ಅಕ್ಟೋಬರ್‌ನಲ್ಲಿ 12 ಜಿಬಿಯನ್ನ ವಾಪಸ್ ಪಡೆಯಿತು. 2023ರ ಜನವರಿಯಲ್ಲಿ ಅದೇ ಕಾರ್ಡ್ 4070 ಟಿಐ ಅನ್ನೋ ಹೆಸರಲ್ಲಿ ಬಂತು. ಮೊದಲು ಹೇಳಿದ್ದ ಬೆಲೆ 899 ಡಾಲರ್, ಹೆಸರು ಬದಲಾದ ಮೇಲೆ 799. ಹೆಸರಿನ ಬೆಲೆ ಎಷ್ಟು ಅಂತ ಇದಕ್ಕಿಂತ ಚೆನ್ನಾಗಿ ಯಾರು ಹೇಳ್ತಾರೆ?

ಕೆಳಗಿನ ದರ್ಜೆಯಲ್ಲೂ ಇದೇ ಕಥೆ. 2017ರ ಜಿಟಿ 1030ರಲ್ಲಿ ಜಿಡಿಡಿಆರ್5 ಮೆಮೊರಿ ಇತ್ತು. ಮರುವರ್ಷ ಅದೇ ಹೆಸರಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡ್ ಬಂತು. ಮೆಮೊರಿಯ ವೇಗ ಸೆಕೆಂಡಿಗೆ 48 ಗಿಗಾಬೈಟ್‌ನಿಂದ ಸುಮಾರು 17ಕ್ಕೆ ಇಳಿದಿತ್ತು. ಹೆಸರು ನೋಡಿ ತಗೊಂಡವರಿಗೆ ಇದು ಗೊತ್ತಾಗೋದು ಗೇಮ್ ಹಾಕಿದ ಮೇಲೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಕೂಡ 8 ಜಿಬಿ, 16 ಜಿಬಿ ಎರಡು ರೂಪದಲ್ಲಿದೆ. ಹೊಸ ಗೇಮ್‌ಗಳಲ್ಲಿ ಟೆಕ್ಸ್ಚರ್ ಜಾಸ್ತಿ ಇಟ್ಟರೆ 8 ಜಿಬಿ ತುಂಬಿ ಆಟ ತಡವರಿಸೋ ಸಾಧ್ಯತೆ ಇದೆ. ಹಾಗಾಗಿ ದರ್ಜೆ ನೋಡಿ, ಆಮೇಲೆ ಮೆಮೊರಿ ನೋಡಿ, ಕೊನೆಗೆ ನೀವು ಆಡೋ ಗೇಮು, ನಿಮ್ಮ ಮಾನಿಟರ್ ರೆಸಲ್ಯೂಷನ್‌ನಲ್ಲೇ ಮಾಡಿದ ಟೆಸ್ಟ್ ನೋಡಿ.

ಹಾಗಾದ್ರೆ ಬ್ರ್ಯಾಂಡ್ ಬೇಡವೇ ಬೇಡ್ವಾ? ಬೇಕು, ಅದರ ಜಾಗದಲ್ಲಿ. ಬ್ಲೆಂಡರ್, ಎಐ ಥರದ ಕೆಲಸ ಮಾಡ್ತೀರಿ, ನಿಮ್ಮ ಸಾಫ್ಟ್‌ವೇರ್‌ಗೆ ಕೂಡಾ ಬೇಕು ಅಂದ್ರೆ ಎನ್‌ವಿಡಿಯಾನೇ ಗತಿ, ಯಾಕಂದ್ರೆ ಅದು ಅವರದ್ದೇ ತಂತ್ರಜ್ಞಾನ. ಇಂಟೆಲ್ ಆರ್ಕ್ ತಗೊಳ್ಳೋದಾದ್ರೆ ನಿಮ್ಮ ಕಂಪ್ಯೂಟರ್‌ನಲ್ಲಿ ರಿಸೈಜಬಲ್ ಬಾರ್ ಸೌಲಭ್ಯ ಇರಬೇಕು, ಹಳೇ ಸಿಸ್ಟಮ್‌ನಲ್ಲಿ ಅದು ಸೊರಗುತ್ತೆ. ಇವೆಲ್ಲ ಉಪಯೋಗದ ಮಾತು. "ಅವರ ದೊಡ್ಡ ಕಾರ್ಡ್ ಜಗತ್ತಿಗೇ ಫಾಸ್ಟ್" ಅನ್ನೋದು ಮಾತ್ರ ನಿಮಗೆ ಉಪಯೋಗ ಇಲ್ಲ. ಆರ್‌ಸಿಬಿ ಜೆರ್ಸಿ ಹಾಕ್ಕೊಂಡವರೆಲ್ಲ ಕೊಹ್ಲಿ ಥರ ಆಡ್ತಾರಾ?

ಕಾರ್ಡ್ ಮಾರೋ ಕಂಪನಿಯ ವಿಷಯದಲ್ಲಿ ನೋಡಬೇಕಾದ್ದು ಫ್ಯಾನಿನ ಸದ್ದು, ಬಿಸಿ, ಮತ್ತು ಮುಖ್ಯವಾಗಿ ವಾರಂಟಿ. ವಿದೇಶದ ರಿವ್ಯೂನಲ್ಲಿ ಒಳ್ಳೇ ಹೆಸರಿರೋ ಕಂಪನಿಗೆ ನಿಮ್ಮ ಊರ ಹತ್ತಿರ ಸರ್ವಿಸ್ ಸೆಂಟರೇ ಇಲ್ಲದಿದ್ರೆ, ಕೆಟ್ಟ ದಿನ ಅದನ್ನ ಪ್ಯಾಕ್ ಮಾಡಿ ಕೊರಿಯರ್‌ಗೆ ಓಡೋರು ನೀವೇ. ಹೆಸರಿಗೆ ಕೊಡೋ ದುಡ್ಡು ಉಳಿದ್ರೆ ಒಳ್ಳೇ ಪವರ್ ಸಪ್ಲೈಗೆ ಹಾಕಿ. ಬ್ರ್ಯಾಂಡು, ಮಾಡೆಲ್ಲು ವಿಚಾರಿಸಿ ತಗೋಬೇಕಾದ ವಸ್ತು ಅದು. ಅದು ಕೆಟ್ಟರೆ ಜೊತೆಗೆ ಕಾರ್ಡನ್ನೂ ಕರ್ಕೊಂಡು ಹೋಗಬಹುದು.

ಎಸ್‌ಪಿ ರೋಡ್‌ಗೆ ಹೋಗಿ, ಆನ್‌ಲೈನ್‌ನಲ್ಲಿ ತಗೊಳ್ಳಿ, ದುಡ್ಡು ಕೊಡೋ ಮೊದಲು ಮೂರು ಪ್ರಶ್ನೆ ಕೇಳಿ. ಪೂರ್ತಿ ಮಾಡೆಲ್ ಹೆಸರು, ಮೆಮೊರಿ ಎಷ್ಟು? ಭಾರತದಲ್ಲಿ ವಾರಂಟಿ ಕೊಡೋರು ಯಾರು, ಎಷ್ಟು ವರ್ಷ? ಸೀರಿಯಲ್ ನಂಬರ್ ಹಾಕಿ ಜಿಎಸ್‌ಟಿ ಬಿಲ್ ಕೊಡ್ತೀರಾ? ಮೂರಕ್ಕೂ ನೇರ ಉತ್ತರ ಬರಲಿಲ್ಲ ಅಂದ್ರೆ ಪಕ್ಕದ ಅಂಗಡಿಗೆ ನಡೀರಿ.

ನಿಮ್ಮ ಬಜೆಟ್, ನೀವು ಆಡೋ ಗೇಮ್ ಯಾವುದು ಅಂತ ಬರೆದು ಕಳಿಸಿ, ಮುಂದಿನ ಕಂತಲ್ಲಿ ಲೆಕ್ಕ ಹಾಕೋಣ. ಸಿಗೋಣ.