ತಾಯಿ ಬಿಟ್ಟುಹೋದ ಹಣ: ಮಗುವಿಗಾಗಿ ಎಲ್ಲಿಡೋಣ?

(ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)

ಮೈಕಿನ ಮುಂದೆ ನಿಂತು ಮಾತಾಡಿ ನನಗೆ ರೂಢಿಯಿಲ್ಲ. ನಮ್ಮ ಸಂಘದಲ್ಲಿ ನಾನು ಲೆಕ್ಕದ ಪುಸ್ತಕ ಬರೆಯುವವಳು. ವರದಕ್ಷಿಣೆ ಸಾವಿನ ವಿರುದ್ಧ ನಾವೆಲ್ಲ ಸಭೆ ಮಾಡಿದ್ದೇವೆ, ಮೆರವಣಿಗೆ ಹೋಗಿದ್ದೇವೆ, ಪೊಲೀಸ್ ಠಾಣೆಯ ಮುಂದೆ ಕೂತಿದ್ದೇವೆ. ಆದರೆ ಸತ್ತವಳ ಮಗುವಿಗೆ ಸೇರಬೇಕಾದ ಹಣದ ಬಗ್ಗೆ ಮಾತಾಡಿದ್ದು ಕಡಿಮೆ. ಇವತ್ತು ಅದನ್ನೇ ಹೇಳುತ್ತೇನೆ.

ನನ್ನ ತಂಗಿಯ ಮದುವೆ 2006ರಲ್ಲಿ ಆಯಿತು. 2010ರಲ್ಲಿ ಗಂಡನ ಮನೆಯಲ್ಲಿ ಸುಟ್ಟ ಗಾಯಗಳಿಂದ ತೀರಿಕೊಂಡಳು. ಆಗ ಅವಳ ಮಗಳಿಗೆ ಮೂರು ವರ್ಷ. ಮಗುವನ್ನು ನಾನು ಕರೆತಂದೆ. ನಮ್ಮಪ್ಪ ಮದುವೆಯ ಖರ್ಚನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಕೊಟ್ಟ ನಗದೆಷ್ಟು, ಬಂಗಾರ ಎಷ್ಟು, ಯಾರ ಕೈಗೆ ಕೊಟ್ಟದ್ದು, ಎಲ್ಲ ಅದರಲ್ಲಿತ್ತು. ಕೋರ್ಟಿನಲ್ಲಿ ನಮ್ಮನ್ನು ಕಾಪಾಡಿದ್ದು ಆ ನೋಟ್‌ಬುಕ್ಕು.

1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ವರದಕ್ಷಿಣೆಯನ್ನು ಯಾರೇ ಪಡೆದಿರಲಿ, ಮೂರು ತಿಂಗಳೊಳಗೆ ಅದನ್ನು ಆ ಹೆಣ್ಣಿಗೆ ಒಪ್ಪಿಸಬೇಕು. ಒಪ್ಪಿಸುವ ತನಕ ಅದು ಅವರ ಸ್ವಂತದ್ದಲ್ಲ, ಅವಳ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಂಡದ್ದು. ಮದುವೆಯಾದ ಏಳು ವರ್ಷದೊಳಗೆ ಅವಳು ಅಸಹಜವಾಗಿ ಸತ್ತರೆ ಆ ಹಣ ಅವಳ ಮಕ್ಕಳಿಗೆ ಸೇರಬೇಕು. ಮಕ್ಕಳಿಲ್ಲದಿದ್ದರೆ ಅವಳ ತಂದೆತಾಯಿಗೆ. ಗಂಡನಿಗಲ್ಲ, ಅತ್ತೆಮಾವನಿಗೂ ಅಲ್ಲ.

ಐದು ವರ್ಷ ಓಡಾಡಿದ ಮೇಲೆ 2015ರಲ್ಲಿ ಮಗುವಿನ ಪಾಲಿಗೆ ಮೂರು ಲಕ್ಷ ರೂಪಾಯಿ ಬಂತು. ಗೆಳತಿಯರೆ, ಹಣ ಬರುವ ತನಕ ನಮ್ಮ ಜೊತೆ ಯಾರೂ ಇರಲಿಲ್ಲ. ಬಂದ ಮೇಲೆ ಮನೆ ತುಂಬ ಜನ!

ಅಣ್ಣ ಹೇಳಿದ, "ನನ್ನ ಹೆಸರಲ್ಲಿ ಒಂದು ಸೈಟು ತಗೊಳ್ಳೋಣ, ಅವಳು ದೊಡ್ಡವಳಾದ ಮೇಲೆ ಬರೆದುಕೊಡ್ತೀನಿ." ಪಕ್ಕದ ಬೀದಿಯ ಏಜೆಂಟ್ ಬಂದು ತನ್ನ ಫೈನಾನ್ಸಿನಲ್ಲಿಟ್ಟರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದ. ನಮ್ಮ ಸಂಘದವರೇ, "ಹೊರಗೆ ಯಾಕೆ, ಸಂಘಕ್ಕೆ ಹಾಕು, ಎರಡು ರೂಪಾಯಿ ಬಡ್ಡಿ ಬರುತ್ತದೆ" ಎಂದರು. ಅಪ್ಪ, "ಬಂಗಾರ ಮಾಡಿಸಿಡು, ಮದುವೆಗೆ ಆಗುತ್ತೆ" ಎಂದರು. ಸುಳ್ಳೇಕೆ ಹೇಳಲಿ, ನನಗೂ ಆಸೆಯಾಯಿತು. ಆ ಮಳೆಗಾಲದಲ್ಲಿ ನಮ್ಮ ಮನೆಯ ಹೆಂಚು ಸೋರುತ್ತಿತ್ತು. ಮಗುವೂ ಅದೇ ಸೂರಿನಡಿ ಮಲಗುತ್ತಾಳಲ್ಲ, ಸ್ವಲ್ಪ ತೆಗೆದರೆ ತಪ್ಪೇನು ಎಂದು ಎರಡು ರಾತ್ರಿ ಯೋಚಿಸಿದೆ.

ನಮ್ಮ ಕೇಸು ನಡೆಸಿದ ವಕೀಲೆ ಹೇಳಿದ ಒಂದು ಮಾತು ನನ್ನ ಕಣ್ಣು ತೆರೆಸಿತು. "ಬಡ್ಡಿ ಎಷ್ಟು ಎಂದು ಆಮೇಲೆ ಕೇಳು. ಮೊದಲು ನಾಲ್ಕು ಪ್ರಶ್ನೆ ಕೇಳು. ಕಾಗದ ಯಾರ ಹೆಸರಲ್ಲಿರುತ್ತದೆ? ಇದನ್ನು ಯಾರು ತೆಗೆಯಬಹುದು? ಮಗುವಿಗೆ ಯಾವ ವರ್ಷ ಬೇಕಾಗುತ್ತದೆ? ಇಟ್ಟ ಸಂಸ್ಥೆ ಮುಳುಗಿದರೆ ಯಾರು ಕೊಡುತ್ತಾರೆ?"

ಈ ನಾಲ್ಕನ್ನು ಕೇಳುತ್ತಾ ಹೋದೆ. ಅಣ್ಣನ ಸೈಟು ಮೊದಲ ಪ್ರಶ್ನೆಗೇ ಬಿದ್ದುಹೋಯಿತು. ಏಜೆಂಟನ ಫೈನಾನ್ಸು ನಾಲ್ಕನೆಯದಕ್ಕೆ ಬಿತ್ತು. 2019ರಲ್ಲಿ ಬೆಂಗಳೂರಿನಲ್ಲಿ ಐಎಂಎ ಕುಸಿದದ್ದು ನಿಮಗೆ ನೆನಪಿರಬಹುದು. ಮಗಳ ಮದುವೆಗೆ, ಮಗನ ಓದಿಗೆ ಎಂದು ಕೂಡಿಟ್ಟದ್ದನ್ನು ಹಾಕಿದ ಎಷ್ಟೋ ಹೆಂಗಸರು ಅಂಗಡಿಯ ಮುಂದೆ ಬಂದು ಅತ್ತರು. ಬ್ಯಾಂಕಿಗಿಂತ ಎಷ್ಟೋ ಪಟ್ಟು ಹೆಚ್ಚು ಕೊಡುತ್ತೇನೆ ಎನ್ನುವವನು ಅದನ್ನು ಎಲ್ಲಿಂದ ತರುತ್ತಾನೆ ಎಂದು ನಾವು ಕೇಳುವುದೇ ಇಲ್ಲ.

ಸಂಘದ ವಿಷಯ ಹೇಳುವಾಗ ನೀವು ಬೇಸರ ಮಾಡಿಕೊಳ್ಳಬಾರದು. ಸಂಘ ನಮ್ಮ ಬಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಹಣ ಸದಾ ಸಾಲವಾಗಿ ಹೊರಗಿರುತ್ತದೆ. ಮಗುವಿಗೆ ಫೀಸು ಕಟ್ಟುವ ದಿನ ಯಾರಾದರೂ ಕಂತು ಕಟ್ಟದಿದ್ದರೆ? ನಮ್ಮ ಸ್ವಂತ ಉಳಿತಾಯದ ಜೊತೆ ನಾವು ಧೈರ್ಯ ಮಾಡಬಹುದು, ಬೇರೆಯವರ ಮಗುವಿನ ಹಣದ ಜೊತೆ ಮಾಡುವ ಹಕ್ಕು ನಮಗಿಲ್ಲ.

ಇನ್ನು ಸಹಿ ಯಾರದು? ಇದು ಹೆಂಗಸರಿಗೆ ಹಳೆಯ ಮುಳ್ಳು. 1984ರಲ್ಲಿ ಲೇಖಕಿ ಗೀತಾ ಹರಿಹರನ್ ಮತ್ತು ಅವರ ಪತಿ ತಮ್ಮ ಚಿಕ್ಕ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗೆ ಅರ್ಜಿ ಹಾಕಿದರು. ಪಾಲಕಿ ತಾಯಿ ಎಂದು ಇಬ್ಬರೂ ಒಪ್ಪಿ ಬರೆದಿದ್ದರು. ತಂದೆಯ ಸಹಿ ಬೇಕು ಎಂದು ಅರ್ಜಿ ವಾಪಸ್ಸು ಬಂತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ತಂದೆ ಮಗುವಿನ ಹೊಣೆ ಹೊತ್ತಿಲ್ಲದಿದ್ದರೆ ಅವನು ಬದುಕಿರುವಾಗಲೂ ತಾಯಿಯೇ ಸ್ವಾಭಾವಿಕ ಪಾಲಕಿಯಾಗಬಹುದು ಎಂದು 1999ರಲ್ಲಿ ತೀರ್ಪು ಬಂತು. ಗಂಡ ಬಿಟ್ಟುಹೋದ ಅಕ್ಕತಂಗಿಯರು ಇದನ್ನು ನೆನಪಿಡಿ.

ನನ್ನಂಥ ದೊಡ್ಡಮ್ಮನಿಗೆ, ಅಜ್ಜಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ. ತಾಯಿ ಸತ್ತರೆ ಕಾನೂನಿನ ಲೆಕ್ಕದಲ್ಲಿ ತಂದೆಯೇ ಪಾಲಕ, ಅವನ ಮೇಲೆ ಕೇಸಿದ್ದರೂ ಸಹ! ಅದಕ್ಕೇ ನಾವು 1890ರ ಪಾಲಕರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಆದೇಶ ಪಡೆದೆವು. ಕೋರ್ಟು ಕೇಳಿದಾಗ ನಾನು ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಬೇಕು. ಹೆಂಚು ಸೋರಿತು ಎಂದು ಬರೆಯಲು ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ನಾನು ಸಂಘದಿಂದ ಸಾಲ ತೆಗೆದು ಹೆಂಚು ಹಾಕಿಸಿದೆ.

ಹಣವನ್ನು ಹೀಗೆ ಹಂಚಿದೆವು. ಮಗುವಿಗೆ ಆಗ ಎಂಟು ವರ್ಷ. ಎರಡು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ತಲಾ ಒಂದು ಲಕ್ಷ, ಅವಳ ಹೆಸರಿನಲ್ಲಿ, ಹತ್ತು ವರ್ಷದ ಠೇವಣಿ. ಅಪಘಾತ ಪರಿಹಾರದ ಕೇಸುಗಳಲ್ಲಿ ಚಿಕ್ಕ ಮಕ್ಕಳ ಪಾಲನ್ನು ಅವರಿಗೆ 18 ತುಂಬುವ ತನಕ ಠೇವಣಿ ಇಡಿಸಬೇಕು ಎಂದು ಸುಪ್ರೀಂ ಕೋರ್ಟು ಹೇಳಿದೆ. ನಾವೂ ಅದೇ ದಾರಿ ಹಿಡಿದೆವು. ಎರಡು ಬ್ಯಾಂಕು ಏಕೆಂದರೆ, ಆಗ ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಲಕ್ಷದ ತನಕ ಮಾತ್ರ ವಿಮೆ ಇತ್ತು. 2020ರ ಫೆಬ್ರವರಿಯಲ್ಲಿ ಅದು ಬಡ್ಡಿಯೂ ಸೇರಿ ಐದು ಲಕ್ಷಕ್ಕೆ ಏರಿತು. ಸಹಕಾರಿ ಬ್ಯಾಂಕಿಗೆ ಈ ವಿಮೆ ಇದೆ, ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಬೋರ್ಡು ಓದಿ ಒಳಗೆ ಹೋಗಿ.

ಅರವತ್ತು ಸಾವಿರವನ್ನು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಹಾಕಿದೆವು. 2015ರ ಜನವರಿಯಲ್ಲಿ ಶುರುವಾದ ಯೋಜನೆ ಅದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ ಮಾತ್ರ. ಬಡ್ಡಿ ಚೆನ್ನಾಗಿದೆ, ಆದರೆ ಖಾತೆ ತೆರೆದು 21 ವರ್ಷಕ್ಕೆ ಮುಗಿಯುತ್ತದೆ. ಹತ್ತನೇ ತರಗತಿ ಪಾಸಾದ ಮೇಲೆ ಅಥವಾ 18 ತುಂಬಿದ ಮೇಲೆ ಓದಿಗೆಂದು ಅರ್ಧ ತೆಗೆಯಬಹುದು, ಅಷ್ಟೆ. ಎಲ್ಲವನ್ನೂ ಅಲ್ಲಿಟ್ಟಿದ್ದರೆ ಕಾಲೇಜು ಸೇರುವ ಹೊತ್ತಿಗೆ ನಾವು ಪರದಾಡಬೇಕಾಗುತ್ತಿತ್ತು. ಉಳಿದ ನಲವತ್ತು ಸಾವಿರ ಉಳಿತಾಯ ಖಾತೆಯಲ್ಲಿ, ಶಾಲೆಯ ಫೀಸಿಗೆ.

ಎಲ್ಲವನ್ನೂ ಉಳಿತಾಯ ಖಾತೆಯಲ್ಲೇ ಬಿಡುವುದೂ ತಪ್ಪು. ಒಂದು ಲಕ್ಷಕ್ಕೆ ವರ್ಷಕ್ಕೆ ಶೇ 3 ಬಂದರೆ ಹತ್ತು ವರ್ಷದಲ್ಲಿ ಸುಮಾರು 1 ಲಕ್ಷ 34 ಸಾವಿರ ಆಗುತ್ತದೆ. ಶೇ 7 ಬಂದರೆ 1 ಲಕ್ಷ 96 ಸಾವಿರ ದಾಟುತ್ತದೆ. ಬೆಲೆ ಏರುವುದನ್ನು ನೋಡಿದರೆ ಮೊದಲನೆಯದು ಕೂಡಿಟ್ಟಂತೆ ಕಂಡರೂ ಕಳೆದದ್ದೇ. ಮ್ಯೂಚುವಲ್ ಫಂಡಿನಲ್ಲಿ ಇನ್ನೂ ಹೆಚ್ಚು ಬರಬಹುದು, ಬೇಕಾದ ದಿನವೇ ಇಳಿದಿರಲೂಬಹುದು. ಮಗುವಿಗೆ ಇದೊಂದೇ ಆಸರೆಯಾದ್ದರಿಂದ ನಾನು ಅತ್ತ ಹೋಗಲಿಲ್ಲ.

ಕೊನೆಗೆ ಅಪ್ಪನ ಬಂಗಾರದ ಮಾತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಂದು ನಾನು ಅವರನ್ನು ಕೇಳಿದೆ, "ಅಪ್ಪಾ, ತಂಗಿಯ ಜೊತೆ ಹೋದ ಹಣ ಇದು. ಅವಳನ್ನು ನುಂಗಿ ಹಿಂದಕ್ಕೆ ಬಂದಿದೆ. ಇದನ್ನೇ ಮತ್ತೆ ಅವಳ ಮಗಳ ಜೊತೆ ಇನ್ನೊಂದು ಮನೆಗೆ ಕಳಿಸೋಣವೇ?" ಅಪ್ಪ ಏನೂ ಹೇಳಲಿಲ್ಲ. ಮಾರನೆಯ ದಿನ ನನ್ನ ಜೊತೆ ಬ್ಯಾಂಕಿಗೆ ಬಂದು ಸಾಲಿನಲ್ಲಿ ನಿಂತರು.

2025ರಲ್ಲಿ ಅವಳಿಗೆ 18 ತುಂಬಿತು. ಎರಡು ಠೇವಣಿಯೂ ಸೇರಿ ನಾಲ್ಕು ಲಕ್ಷ ದಾಟಿತ್ತು. ರಸೀದಿಗಳನ್ನೂ ನನ್ನ ಲೆಕ್ಕದ ಪುಸ್ತಕವನ್ನೂ ಅವಳ ಮುಂದಿಟ್ಟೆ. ಅವಳು ಒಂದೊಂದು ಸಾಲನ್ನೂ ಓದಿ, ಒಂದು ಕಡೆ ಕೂಡಿಸಿದ್ದು ತಪ್ಪಾಗಿದೆ ಎಂದು ತೋರಿಸಿದಳು! ಈಗ ನರ್ಸಿಂಗ್ ಓದುತ್ತಿದ್ದಾಳೆ. ಫೀಸಿನ ಚೆಕ್ಕಿಗೆ ಅವಳೇ ಸಹಿ ಹಾಕುತ್ತಾಳೆ.

ಗೆಳತಿಯರೆ, ನಿಮ್ಮ ಸಂಘದ ಸುತ್ತಮುತ್ತ ಇಂಥ ಮಗು ಇದ್ದರೆ ಮೂರು ಕೆಲಸ ಮಾಡಿ. ಕೊಟ್ಟದ್ದರ ಪಟ್ಟಿ ಹುಡುಕಿ ಜೋಪಾನ ಮಾಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಹೆಂಗಸರಿಗೆ ಮತ್ತು ಮಕ್ಕಳಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹಣ ಬಂದ ದಿನ ಆ ನಾಲ್ಕು ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿ, ಕೇಳುವವರು ಮನೆಯವರೇ ಆಗಿದ್ದರೂ ಸರಿ. ಕೊಂದವರಿಗೆ ಶಿಕ್ಷೆಯಾಗಲಿ ಎಂದು ಕೂಗುತ್ತೇವೆ, ಕೂಗಲೇಬೇಕು. ಉಳಿದ ಮಗುವಿನ ಪಾಸ್‌ಬುಕ್ಕನ್ನು ಕಾಯುವುದೂ ಅದೇ ಹೋರಾಟದ ಭಾಗ.