ನೂರು ಅಂಕದ ರಾತ್ರಿಯ ಲೆಕ್ಕ

(ಪಲ್ಲಾವರಂ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಪತ್ರಿಕೆ ಬಂದ ಕೂಡಲೆ ಮೊದಲು ಕೈ ಬದಲಾಗುವುದು ಕ್ರೀಡೆಯ ಪುಟ. ಕ್ರಿಕೆಟ್ಟಿನ ಸ್ಕೋರುಪಟ್ಟಿಯನ್ನು ನಾವು ಇತರೆ ರನ್ನುಗಳವರೆಗೂ ಬಿಡದೆ ಓದುತ್ತೇವೆ. ಅದೇ ಪುಟದ ಮೂಲೆಯಲ್ಲಿ, ಇರುವೆಯ ಸಾಲಿನಂಥ ಸಣ್ಣ ಅಕ್ಷರದಲ್ಲಿ, ಬಾಸ್ಕೆಟ್‌ಬಾಲ್ ಪಂದ್ಯದ ಪಟ್ಟಿಯೊಂದು ಬಂದಿದ್ದರೆ ಕಣ್ಣು ಹಾಯಿಸುವವರಿಲ್ಲ. ಹಗಲೆಲ್ಲ ಕೀರ್ದಿ, ಖಾತೆ, ಹಾಜರಿ ಪಟ್ಟಿಗಳ ನಡುವೆ ಕಳೆಯುವ ನಮ್ಮಂಥವರಿಗೆ ಅರ್ಥವಾಗದಂಥ ಪಟ್ಟಿಯೇನೂ ಅದಲ್ಲ. ಆದುದರಿಂದ ಇಂದು ಅದನ್ನೇ ಓದೋಣವೆಂದು ನಿಂತಿದ್ದೇವೆ.

ಈ ಆಟ ಮದರಾಸಿಗೆ ಹೊಸದೂ ಅಲ್ಲ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಇದನ್ನು ಆಡಿಸಿದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ತೆರೆದರು. ನಂದನಂನಲ್ಲಿರುವ ಕಾಲೇಜು ಅದೇ. ಇಲ್ಲಿ ಹೆಸರು ಮಾಡಿದ ತಂಡಗಳು ಹೆಚ್ಚಾಗಿ ನಮ್ಮಂಥ ನೌಕರರ ತಂಡಗಳೇ: ಪೆರಂಬೂರಿನ ರೈಲು ಬೋಗಿ ಕಾರ್ಖಾನೆ, ದಕ್ಷಿಣ ರೈಲ್ವೆ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೂ ಒಳ್ಳೆಯ ತಂಡವಿತ್ತು. 2019ರ ಏಪ್ರಿಲಿನಲ್ಲಿ ಆ ಬ್ಯಾಂಕೇ ಬರೋಡಾ ಬ್ಯಾಂಕಿನೊಡನೆ ಸೇರಿಹೋಯಿತು. ದಕ್ಷಿಣ ರೈಲ್ವೆಯ ಅನಿತಾ ಪಾಲ್‌ದುರೈ ಭಾರತ ತಂಡದ ನಾಯಕಿಯಾಗಿದ್ದವರು. 2021ರಲ್ಲಿ ಪದ್ಮಶ್ರೀ ಪಡೆದರು.

ಅಂಕಣದ ಪಕ್ಕದಲ್ಲಿ ಒಂದು ಮೇಜು ಇರುತ್ತದೆ. ಅಲ್ಲಿ ಕುಳಿತಿರುವಾತ ನಮ್ಮ ಜಾತಿಯವನು, ಅಂದರೆ ಗುಮಾಸ್ತ! ಬುಟ್ಟಿಗೆ ಬಿದ್ದ ಚೆಂಡಿಗೆ ಎರಡು ಅಂಕವಾದರೆ ಅಂಕಿಯ ಮೇಲೆ ಓರೆಗೆರೆ, ಫ್ರೀ ಥ್ರೋವಿನ ಒಂದು ಅಂಕಕ್ಕೆ ತುಂಬಿದ ಚುಕ್ಕೆ, ದೂರದಿಂದ ಎಸೆದ ಮೂರಕ್ಕೆ ಆಟಗಾರನ ಸಂಖ್ಯೆಯ ಸುತ್ತ ಸೊನ್ನೆ. ಕಾಗದದ ಮೇಲೆ ಬರೆಯುವ ಕಡೆ ಗುಲಾಬಿ ಪ್ರತಿ ಗೆದ್ದವರಿಗೆ, ಹಳದಿ ಪ್ರತಿ ಸೋತವರಿಗೆ. ಸೋತವನಿಗೂ ಒಂದು ನಕಲು ಸಿಕ್ಕುವ ಈ ಏರ್ಪಾಟು ನಮಗೆ ಬಹಳ ಹಿಡಿಸಿತು.

ಈಗ ಒಂದು ಪಟ್ಟಿಯನ್ನು ನಿಜವಾಗಿ ಓದೋಣ. 1962ರ ಮಾರ್ಚ್ 2. ಊರು ಪೆನ್ಸಿಲ್ವೇನಿಯದ ಹರ್ಷಿ, ಚಾಕಲೇಟು ಕಾರ್ಖಾನೆಯಿಂದ ಬೆಳೆದ ಊರು. ಪಂದ್ಯ ಫಿಲಡೆಲ್ಫಿಯ ವಾರಿಯರ್ಸ್‌ಗೂ ನ್ಯೂಯಾರ್ಕ್ ನಿಕ್ಸ್‌ಗೂ. ನೋಡಲು ಬಂದವರು 4,124 ಜನ ಮಾತ್ರ. ಆ ರಾತ್ರಿ ವಿಲ್ಟ್ ಚೇಂಬರ್ಲಿನ್ ಎಂಬ ಏಳಡಿ ಮೀರಿದ ಆಳು ಒಬ್ಬನೇ ನೂರು ಅಂಕ ಗಳಿಸಿದ. ಈ ವೃತ್ತಿಪರ ಲೀಗಿನಲ್ಲಿ ಇದನ್ನು ಇನ್ನೂ ಯಾರೂ ಮುಟ್ಟಿಲ್ಲ. 2006ರಲ್ಲಿ ಕೋಬಿ ಬ್ರಯಂಟ್ 81ರವರೆಗೆ ಬಂದ.

ಆ ಪಂದ್ಯದ ಚಲನಚಿತ್ರವಿಲ್ಲ. ರೇಡಿಯೋ ವರ್ಣನೆಯ ಧ್ವನಿಮುದ್ರಿಕೆಯಲ್ಲಿ ಕೊನೆಯ ಕಾಲುಭಾಗ ಮಾತ್ರ ಉಳಿಯಿತು. ಮಿಕ್ಕ ಸಾಕ್ಷಿಯೆಲ್ಲ ಲೆಕ್ಕದ ಹಾಳೆಯೇ. ಅದನ್ನು ನೋಡಿಕೊಂಡವನು ಹಾರ್ವೆ ಪೊಲಾಕ್. ಅದೇ ರಾತ್ರಿ ಪತ್ರಿಕೆಗೂ ಸುದ್ದಿಸಂಸ್ಥೆಗಳಿಗೂ ವರದಿ ಕಳಿಸಬೇಕಾದವನೂ ಅವನೇ. ಚೇಂಬರ್ಲಿನ್ ಕೈಯಲ್ಲಿ ‘100’ ಎಂದು ಬರೆದ ಕಾಗದ ಹಿಡಿದು ಕುಳಿತ ಚಿತ್ರವನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಆ ಅಂಕಿ ಗೀಚಿದ್ದೂ ಪೊಲಾಕನೇ. ಬರೆದಿಟ್ಟದ್ದರ ಬೆಲೆ ನಮ್ಮ ಪಲ್ಲಾವರಕ್ಕೆ ತಿಳಿಯದ್ದೇನಲ್ಲ. 1863ರ ಮೇ 30ರಂದು ಇಲ್ಲಿಯೇ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಹಳೆಯ ಶಿಲಾಯುಗದ ಕಲ್ಲಿನ ಆಯುಧವೊಂದು ಸಿಕ್ಕಿತು. ಅವರು ಸ್ಥಳ, ತಾರೀಖು ಗುರುತು ಹಾಕಿಕೊಳ್ಳದೆ ಹೋಗಿದ್ದರೆ ಅದು ಜಲ್ಲಿಯೊಳಗೊಂದು ಜಲ್ಲಿಯಾಗಿರುತ್ತಿತ್ತು.

ಲೆಕ್ಕ ತಾಳೆ ನೋಡೋಣ. ಚೇಂಬರ್ಲಿನ್ 63 ಸಲ ಬುಟ್ಟಿಗೆ ಎಸೆದ, 36 ಬಿದ್ದವು, ಎರಡರಂತೆ 72. ಫ್ರೀ ಥ್ರೋ 32ರಲ್ಲಿ 28. ಕೂಡಿದರೆ ನೂರು. ನಾಲ್ಕು ಕಾಲುಭಾಗಗಳಲ್ಲಿ 23, 18, 28, 31, ಇದೂ ನೂರೇ. ವಿಚಿತ್ರವಿರುವುದು ಆ 28ರಲ್ಲಿ. ಫ್ರೀ ಥ್ರೋ ಅವನ ಹಳೆಯ ಬೇನೆ. ಆ ವರ್ಷವೆಲ್ಲ ನೂರಕ್ಕೆ ಸುಮಾರು 61ರಷ್ಟೇ ಬುಟ್ಟಿ ಸೇರುತ್ತಿದ್ದವು. ಆ ರಾತ್ರಿ ಎಂಬತ್ತೇಳೂವರೆ! ತಂಡದ ಮೊತ್ತ 169, ಎದುರಾಳಿಯದು 147. ನೂರು ಕಳೆದರೆ ಉಳಿದವರೆಲ್ಲರ ಪಾಲು 69. ಆರ್ಲ್ ಆಟಲ್ಸ್ ಎಂದು ನಾವು ಮೊದಲು ತಪ್ಪಾಗಿ ಓದಿಕೊಂಡಿದ್ದ ಆಲ್ ಆಟಲ್ಸ್ ಎಂಟು ಎಸೆದು ಎಂಟನ್ನೂ ಬುಟ್ಟಿಗೆ ಹಾಕಿ, ಇದ್ದ ಒಂದು ಫ್ರೀ ಥ್ರೋವನ್ನೂ ಸೇರಿಸಿ 17 ಗಳಿಸಿದ. ಒಂದೂ ತಪ್ಪಿಲ್ಲದ ಲೆಕ್ಕ. ಆದರೆ ಅದನ್ನು ಕೇಳುವವರು ಯಾರು? ಗೈ ರಾಡ್ಜರ್ಸ್ 11 ಅಂಕ ಮಾತ್ರ ತಂದ. ಆದರೆ ಜೊತೆಗಾರ ಬುಟ್ಟಿಗೆ ಹಾಕುವಂತೆ ಚೆಂಡು ಒದಗಿಸಿದ್ದು 20 ಸಲ. ಅದಕ್ಕೆ ‘ಅಸಿಸ್ಟ್’ ಎಂದು ಬೇರೆ ಕಲಮು ಉಂಟು. ಸೋತ ತಂಡದಲ್ಲಿಯೂ ಗೆರಿನ್ 39, ಬಕ್ನರ್ 33, ನಾಲ್ಸ್ 31 ಗಳಿಸಿದ್ದರು. ಮೂವರದು ಕೂಡಿದರೆ 103.

ಈ ನೂರು ಸಾಚಾ ಅಲ್ಲವೆಂದು ತಕರಾರು ಎತ್ತುವವರಿದ್ದಾರೆ. ಕೊನೆಯಲ್ಲಿ ನಿಕ್ಸ್ ತಂಡ ಚೆಂಡು ಚೇಂಬರ್ಲಿನ್‌ಗೆ ತಲುಪದಿರಲೆಂದು ಬೇರೆಯವರ ಮೇಲೆ ಬೇಕೆಂದೇ ಫೌಲ್ ಮಾಡಿತು; ವಾರಿಯರ್ಸ್ ಚೆಂಡು ಬೇಗ ಮರಳಿ ಸಿಗಲೆಂದು ತಾವೂ ಫೌಲ್ ಮಾಡಿದರು. ಆಟ ಹೋಗಿ ಅಂಕಿಯ ಬೇಟೆಯಾಯಿತು ಎಂಬುದು ನಿಜ. ನಮ್ಮ ಅಭಿಪ್ರಾಯ ಕೇಳಿದರೆ, ಕೊನೆಯ ಕೆಲವು ನಿಮಿಷ ನೋಡಲು ಅಂದವಾಗಿರಲಾರದು. ಆದರೆ ಜಮೆ ಜಮೆಯೇ.

ಇನ್ನು ನೂರನೆಯ ಅಂಕದ ವಿಷಯ. ಆಟ ಮುಗಿಯಲು 46 ಸೆಕೆಂಡು ಇತ್ತು. ಚೆಂಡು ಜೋ ರಕ್ಲಿಕ್ ಎಂಬವನ ಕೈಗೆ ಬಂತು. ಬದಲಿ ಆಟಗಾರ, ಹೆಚ್ಚು ಹೊತ್ತು ಬೆಂಚಿನ ಮೇಲೆ ಕಾಯುವವನು. ಆ ರಾತ್ರಿ ಅವನ ಅಂಕ ಸೊನ್ನೆ. ಸಿಕ್ಕ ಎರಡು ಫ್ರೀ ಥ್ರೋವೂ ತಪ್ಪಿದ್ದವು. ತಾನೇ ಎಸೆಯಬಹುದಾಗಿತ್ತು, ಎಸೆಯದೆ ಚೇಂಬರ್ಲಿನ್‌ಗೆ ಕೊಟ್ಟ. ಚೆಂಡು ಬುಟ್ಟಿಗೆ ಬಿದ್ದು ಜನ ಅಂಕಣಕ್ಕೆ ನುಗ್ಗುತ್ತಿರುವಾಗ ಈತ ನೆಟ್ಟಗೆ ಲೆಕ್ಕದ ಮೇಜಿಗೆ ಹೋಗಿ, ಆ ಅಸಿಸ್ಟ್ ತನ್ನ ಹೆಸರಿಗೆ ಬಿದ್ದಿದೆಯೆ ಎಂದು ಖಚಿತ ಮಾಡಿಕೊಂಡ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಸೊನ್ನೆಗಳ ಪಕ್ಕದಲ್ಲಿ ಆ ಒಂದು ಇದೆ. ಇದು ಸಣ್ಣತನವೆಂದು ನಗುವವರು ನಗಲಿ. ಓವರ್‌ಟೈಮು ಮಾಡಿದ ಮೇಲೆ ಹಾಜರಿ ಪುಸ್ತಕದಲ್ಲಿ ಗಂಟೆ ಏರಿದೆಯೇ ಎಂದು ನೋಡದೆ ಮನೆಗೆ ಹೊರಟು, ತಿಂಗಳ ಕೊನೆಗೆ ಕೈ ಹಿಸುಕಿಕೊಂಡವರು ಈ ಕೋಣೆಯಲ್ಲಿ ನಾವೇ ಎಷ್ಟು ಮಂದಿ ಇದ್ದೇವೆ!

ಕಲಮೇ ಇಲ್ಲದ ಕೆಲಸದ ಪಾಡು ಇನ್ನೂ ಕಷ್ಟ. ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವುದು, ಚೆಂಡು ಕಸಿಯುವುದು, ಇವೆರಡನ್ನೂ ಆ ಲೀಗು ಲೆಕ್ಕಕ್ಕೆ ಹಿಡಿದದ್ದು 1973-74ರಿಂದ. ಚೇಂಬರ್ಲಿನ್ ಆ ಹೊತ್ತಿಗೆ ಆಟ ಮುಗಿಸಿದ್ದ. ಬಾಸ್ಟನ್ನಿನ ಬಿಲ್ ರಸೆಲ್ 1969ರಲ್ಲೇ ನಿವೃತ್ತನಾಗಿದ್ದ. ಇಬ್ಬರೂ ಜೀವಮಾನದಲ್ಲಿ ಎಷ್ಟು ಎಸೆತ ತಡೆದರೆಂಬುದು ಲೀಗಿನ ಪುಸ್ತಕದಲ್ಲಿ ಇಲ್ಲ.

ರಸೆಲ್ ಹೆಸರು ಬಂದುದರಿಂದ ಒಂದು ಮಾತು. 1961-62ರ ಆ ವರ್ಷ ಚೇಂಬರ್ಲಿನ್ 80 ಪಂದ್ಯಗಳಲ್ಲಿ 4,029 ಅಂಕ ತಂದ, ಸರಾಸರಿ 50.4. ರಸೆಲ್‌ನ ಸರಾಸರಿ 18.9. ಅತ್ಯಂತ ಬೆಲೆಯುಳ್ಳ ಆಟಗಾರ ಯಾರೆಂದು ಆಗ ಮತ ಹಾಕುತ್ತಿದ್ದವರು ಆಟಗಾರರೇ. ಅವರು ಆರಿಸಿದ್ದು ರಸೆಲ್‌ನನ್ನು. ವಿಭಾಗದ ಅಂತಿಮ ಸುತ್ತಿನ ಏಳನೆಯ ಪಂದ್ಯದಲ್ಲಿ ಬಾಸ್ಟನ್ 109, ಫಿಲಡೆಲ್ಫಿಯ 107.

ನಮ್ಮ ದೇಶದಲ್ಲಿ ಆ ಲೀಗಿನ ತಂಡಗಳು ಮೊದಲು ಆಡಿದ್ದು 2019ರ ಅಕ್ಟೋಬರ್ 4ರಂದು, ಮುಂಬಯಿಯಲ್ಲಿ. ಹೆಚ್ಚುವರಿ ಆಟದ ತನಕ ಹೋಗಿ ಇಂಡಿಯಾನ ಪೇಸರ್ಸ್ 132, ಸ್ಯಾಕ್ರಮೆಂಟೊ ಕಿಂಗ್ಸ್ 131. ಈ ಪಂದ್ಯದ ಪಟ್ಟಿಯನ್ನು ಮುಂದಿನ ಭಾನುವಾರ ಇದೇ ಮೇಜಿನ ಮೇಲೆ ಇಡುತ್ತೇವೆ. ಆ ಒಂದು ಅಂಕ ಯಾವ ಸಾಲಿನಿಂದ ಬಂತೆಂದು ನೋಡಬಯಸುವವರು ಪೆನ್ಸಿಲು ತಂದುಕೊಳ್ಳಬೇಕಾಗಿ ಕೋರಿಕೆ.